ಹುಟ್ಟಿದವನಿಗಿಲ್ಲದ ಮತ ನನ್ನ ಅಳಿಯನಿಗೆ: ದೇಶ ಬೇರೆಯಾಗುವಾಗ ಯಾರನ್ನು ಕೇಳಬೇಕು?

ಶಿಡ್ಲಘಟ್ಟದ ರೀಲರ್ ಕೇಳಿದ್ದು:

ನಮಸ್ಕಾರ. ನನ್ನದು ಶಿಡ್ಲಘಟ್ಟ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ನೂಲು ಬಿಚ್ಚುವ ಶೆಡ್ ಸಿಗುತ್ತದೆ. ಬಿ.ಕಾಂ. ಎರಡನೆಯ ವರ್ಷಕ್ಕೇ ಬಿಟ್ಟು ಅಪ್ಪನ ಪಕ್ಕ ಬೇಸಿನ್ ಮುಂದೆ ಕುಳಿತವನು ನಾನು, ರಾಜ್ಯಶಾಸ್ತ್ರ ಓದಿದವನಲ್ಲ. ಪ್ರಶ್ನೆ ಒರಟಾಗಿದ್ದರೆ ತಿದ್ದಿ ಓದಿಕೊಳ್ಳಿ.

ಯುಗಾದಿಗೆ ಅಕ್ಕನ ಮಗ ಬಂದಿದ್ದ. ಅವನು 2012ರಿಂದ ಐದು ವರ್ಷ ಎಡಿನ್‌ಬರೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಹೋಳಿಗೆ ಊಟ ಮುಗಿಸಿ ಜಗಲಿಯ ಮೇಲೆ ಒರಗಿದ್ದಾಗ, "ಮಾವ, ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೋ ಬೇಡವೋ ಎಂದು ಕೇಳಿದಾಗ ನಾನೂ ಮತ ಹಾಕಿದ್ದೇನೆ" ಎಂದ. ನಾನು ತಮಾಷೆ ಎಂದುಕೊಂಡೆ. ಜೇಬಿನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನಿಗೆ ಇನ್ನೊಂದು ದೇಶದ ಹಣೆಬರಹ ಬರೆಯುವ ಹಕ್ಕು ಯಾರು ಕೊಡುತ್ತಾರೆ?

ಕೊಟ್ಟಿದ್ದರಂತೆ. 2014ರ ಸೆಪ್ಟೆಂಬರ್ 18ರಂದು ನಡೆದ ಆ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದ ಬ್ರಿಟಿಷರು, ಐರಿಷರು, ಐರೋಪ್ಯ ಒಕ್ಕೂಟದ ದೇಶಗಳವರು ಮತ್ತು ಕಾಮನ್‌ವೆಲ್ತ್ ದೇಶಗಳವರು ಮತದಾರರಾಗಬಹುದಿತ್ತು. ಭಾರತ ಕಾಮನ್‌ವೆಲ್ತ್‌ನಲ್ಲಿದೆ, ಹಾಗಾಗಿ ಶಿಡ್ಲಘಟ್ಟದ ಹುಡುಗನಿಗೂ ಮತ. ಅವನಿಗೆ ಬಾಡಿಗೆ ಕೊಟ್ಟಿದ್ದ ಅಜ್ಜಿಯ ಇಬ್ಬರು ಗಂಡುಮಕ್ಕಳು ಅದೇ ಬೀದಿಯಲ್ಲಿ ಹುಟ್ಟಿ ಅಲ್ಲೇ ಶಾಲೆಗೆ ಹೋದವರು. ದೊಡ್ಡವನು ಲಂಡನ್ನಿಗೆ ಹೋಗಿದ್ದರಿಂದ ಅವನಿಗೆ ಮತವಿಲ್ಲ. ಜೇಮ್ಸ್ ಬಾಂಡ್ ಆಗಿ ನಮಗೆಲ್ಲ ಗೊತ್ತಿದ್ದ ಶಾನ್ ಕಾನರಿ ಹುಟ್ಟಿದ್ದು ಎಡಿನ್‌ಬರೋದಲ್ಲಿ, ಸ್ಕಾಟ್ಲೆಂಡ್ ಸ್ವತಂತ್ರವಾಗಲಿ ಎಂದು ಬಹಿರಂಗವಾಗಿ ವಾದಿಸಿದವರು. ಬಹಾಮಾಸ್‌ನಲ್ಲಿ ನೆಲೆಸಿದ್ದರಿಂದ ಅವರಿಗೂ ಇಲ್ಲ. ಜೇಮ್ಸ್ ಬಾಂಡ್‌ಗಿಲ್ಲದ ಮತ ನನ್ನ ಅಳಿಯನಿಗೆ! ನೀನು ಏನೆಂದು ಹಾಕಿದೆ ಎಂದು ಕೇಳಿದರೆ "ಗುಪ್ತ ಮತದಾನ ಮಾವ" ಎಂದು ಮಗ್ಗುಲು ಬದಲಿಸಿದ. ಫಲಿತಾಂಶ ಮಾತ್ರ ಹೇಳಿದ: ಬೇಡ ಎಂದವರು ಶೇ 55.3, ಬೇಕು ಎಂದವರು ಶೇ 44.7. ಮತ ಹಾಕಿದವರು ಶೇ 84.6.

ಇನ್ನೊಂದು ವಿಚಿತ್ರ ಕೇಳಿ. ಅವನ ಜೊತೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಹುಡುಗನೊಬ್ಬ 2014ರಲ್ಲಿ ಮತ ಹಾಕಿದ್ದ. ಎರಡೇ ವರ್ಷದ ಮೇಲೆ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕೇ ಎಂಬ ಜನಮತಗಣನೆ ಬಂದಾಗ ಅವನಿಗೆ ಮತವಿಲ್ಲ, ನನ್ನ ಅಳಿಯನಿಗೆ ಇದೆ. ಆ ತೀರ್ಮಾನದಿಂದ ಬಾಳು ಅಲ್ಲಾಡುವುದು ಪೋಲೆಂಡಿನವನದು, ಮತ ನಮ್ಮವನದು. ಆ ವರ್ಷಗಳಲ್ಲಿ ಶಿಡ್ಲಘಟ್ಟದಲ್ಲಿ ಮತ ಹಾಕಬೇಕೆಂದರೆ ಇವನು ಹೊರದೇಶದ ಮತದಾರನಾಗಿ ಹೆಸರು ಸೇರಿಸಿ, ವಿಮಾನ ಹತ್ತಿ ಬಂದು, ಮತಗಟ್ಟೆಯಲ್ಲಿ ಖುದ್ದಾಗಿ ನಿಲ್ಲಬೇಕಿತ್ತು.

ಇದು ಅನ್ಯಾಯ, ಹುಟ್ಟಿದವನಿಗೆ ಮೊದಲ ಹಕ್ಕು ಎಂದು ನಾನು ವಾದಿಸಿದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಕೇಳಿದಳು: "ದೀಪದ ವಿಷಯದಲ್ಲಿ ಒಂದು ನ್ಯಾಯ, ಸ್ಕಾಟ್ಲೆಂಡಿಗೆ ಒಂದು ನ್ಯಾಯವೇ?" ಸಂಗತಿ ಏನೆಂದರೆ, ನಮ್ಮ ಹಳ್ಳಿಯಲ್ಲಿ ಗ್ರಾಮದೇವತೆಗೆ ತಂಬಿಟ್ಟಿನ ದೀಪ ಹೊರುವುದು ಮಂಗಳವಾರ. ಬೆಂಗಳೂರು ಸೇರಿದ ನಮ್ಮೂರಿನವರು ಗೋಪುರಕ್ಕೆ ಚೆನ್ನಾಗಿಯೇ ಚಂದಾ ಕೊಟ್ಟರು, ಕೊಟ್ಟ ಮೇಲೆ ದೀಪವನ್ನು ಭಾನುವಾರಕ್ಕೆ ಹಾಕಿ, ನಮಗೆ ರಜೆ ಇರುತ್ತದೆ ಎಂದರು. "ದಿನಾ ಪೂಜೆ ಮಾಡುವವರು ನಾವು, ದಿನ ಇಡುವವರೂ ನಾವೇ" ಎಂದು ಆಗ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಹೆಂಡತಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಹಾಗಾದರೆ ಒಂದು ನಾಡು ಬೇರೆ ದೇಶವಾಗುವ ಪ್ರಶ್ನೆ ಬಂದಾಗ ಯಾರನ್ನು ಕೇಳುವುದು ಸರಿ? ಹುಟ್ಟಿದವರನ್ನೇ, ಬಾಳುತ್ತಿರುವವರನ್ನೇ? ಬಾಳುವವರು ಎಂದರೆ ಎಷ್ಟು ವರ್ಷದಿಂದ? ಮೊದಲ ಪಿಯುಸಿಯಲ್ಲಿರುವ ಮಗಳದ್ದೂ ಒಂದು ಪ್ರಶ್ನೆ ಇದೆ: ಸ್ಕಾಟ್ಲೆಂಡಿನಲ್ಲಿ 16 ವರ್ಷದವರಿಗೂ ಮತ ಕೊಟ್ಟರಂತೆ, ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಹೆಸರು ಬರೆಸಿದರಂತೆ, ಅದು ಸರಿಯೇ ಎಂದು. ಅವಳಿಗೆ ಉತ್ತರ ಆಗಲೇ ಗೊತ್ತಿದೆ, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ.

ಮತಗಟ್ಟೆ ಮೇಷ್ಟ್ರು, ಪಾವಗಡ:

ರೀಲರ್ ಸರ್, ನಿಮ್ಮ ಮನೆಯವರ ಪ್ರಶ್ನೆ ನಿಮ್ಮ ಪ್ರಶ್ನೆಗಿಂತ ಚೆನ್ನಾಗಿದೆ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಎಂಟು ವರ್ಷ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಆಗಿ ಮನೆ ಮನೆ ಅಲೆದು ಮತದಾರರ ಪಟ್ಟಿ ತಿದ್ದಿದ್ದೇನೆ. ನಮ್ಮ ತಾಲ್ಲೂಕಿಗೆ ಮೂರು ಕಡೆ ಆಂಧ್ರ. ಒಂದು ಮನೆಗೆ ಹೋದರೆ ಸೊಸೆ ಮಡಕಶಿರಾದವಳು, ಅವಳ ಹೆಸರು ಇನ್ನೂ ತವರಿನ ಪಟ್ಟಿಯಲ್ಲಿ. ಮಗ ಬೆಂಗಳೂರಿನ ಪೀಣ್ಯದಲ್ಲಿ, ಅವನ ಹೆಸರು ಇನ್ನೂ ನಮ್ಮ ಪಟ್ಟಿಯಲ್ಲಿ. "ತೆಗೆಯಬೇಡಿ ಮೇಷ್ಟ್ರೇ, ಊರಿನ ಋಣ" ಎಂದು ತಾಯಿ ಕೈ ಮುಗಿಯುತ್ತಾಳೆ. ಋಣಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ನಮ್ಮ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್ ಓದಿ ನೋಡಿ. ಒಂದು ಊರಿನಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸಿಯಲ್ಲ ಎಂದೂ ಆಗುವುದಿಲ್ಲ. ತಾತ್ಕಾಲಿಕ ಎಂದರೆ ಎಷ್ಟು ದಿನ? ಕಾಯ್ದೆ ದಿನ ಎಣಿಸಿಲ್ಲ, ನಾನು ಎಣಿಸಬೇಕು. ಹಿತ್ತಿಲ ಕಡೆಯಿಂದ ಹೋಗಿ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ ಯಾರದು ಎಂದು ನೋಡಿ ತೀರ್ಮಾನಿಸಿದ್ದೂ ಉಂಟು.

ಇದನ್ನು ಹೇಳುತ್ತಿರುವುದು ಏಕೆಂದರೆ, ಯಾರಿಗೆ ಮತ ಎಂಬ ಜಗಳ ಕೊನೆಗೆ ಪಟ್ಟಿ ಬರೆಯುವವನ ಪೆನ್ನಿನ ತುದಿಗೆ ಬಂದು ನಿಲ್ಲುತ್ತದೆ. ಪಶ್ಚಿಮ ಸಹಾರಾ ನೋಡಿ. ಸ್ಪೇನಿನವರು ಬಿಟ್ಟುಹೋದ ಮರಳುಗಾಡು. ಅದು ಸ್ವತಂತ್ರವಾಗಬೇಕೋ ಮೊರಾಕೊಗೆ ಸೇರಬೇಕೋ ಎಂದು ಜನರನ್ನು ಕೇಳಲು ವಿಶ್ವಸಂಸ್ಥೆ 1991ರಲ್ಲಿ ತಂಡ ಕಳಿಸಿತು. 1992ರ ಜನವರಿಯಲ್ಲಿ ಮತದಾನ ಆಗಬೇಕಿತ್ತು, ಇಂದಿಗೂ ಆಗಿಲ್ಲ. ಕೈಯಲ್ಲಿದ್ದದ್ದು 1974ರ ಸ್ಪ್ಯಾನಿಷ್ ಜನಗಣತಿ, ಅದರಲ್ಲಿ ಸುಮಾರು 74 ಸಾವಿರ ಹೆಸರು. ಅದರಲ್ಲಿದ್ದವರು ಮತ್ತು ಅವರ ಹತ್ತಿರದ ಸಂಬಂಧಿಕರು ಸಾಕು ಎಂದು ಸ್ವಾತಂತ್ರ್ಯ ಕೇಳುವವರು. ಗಣತಿಗೆ ಮೊದಲೇ ಮೊರಾಕೊಗೆ ಬಂದ ಬುಡಕಟ್ಟಿನವರೂ ಸೇರಬೇಕು ಎಂದು ಮೊರಾಕೊ. ಅಲೆಮಾರಿಗಳ ಬಳಿ ಕಾಗದಪತ್ರ ಎಲ್ಲಿಂದ ಬರಬೇಕು? ಒಬ್ಬೊಬ್ಬರನ್ನೇ ಕೂರಿಸಿ, ಎರಡೂ ಕಡೆಯ ಬುಡಕಟ್ಟಿನ ಮುಖಂಡರನ್ನು ಎದುರಿಗಿಟ್ಟು, "ಇವನು ಯಾರ ಮಗ" ಎಂದು ಕೇಳಿ ಪಟ್ಟಿ ಮಾಡಿದರು. ನಾಲ್ಕಾರು ವರ್ಷ ಹೆಣಗಿ ಸುಮಾರು 86 ಸಾವಿರ ಜನ ಅರ್ಹರು ಎಂದು ಪ್ರಕಟಿಸಿದರೆ, ಬಂದ ಮೇಲ್ಮನವಿಗಳು 1.30 ಲಕ್ಷಕ್ಕೂ ಹೆಚ್ಚು! ಅರ್ಹರಿಗಿಂತ ತಕರಾರಿನವರು ಹೆಚ್ಚು. ಓದಿದಾಗ ನನಗೆ ನಮ್ಮ ತಾಲ್ಲೂಕು ಕಚೇರಿ ನೆನಪಾಗಿ ಒಬ್ಬನೇ ನಕ್ಕೆ. ಅಲ್ಲಿನ ನಿರಾಶ್ರಿತರ ಶಿಬಿರಗಳಲ್ಲಿ ಹುಟ್ಟಿದವರಿಗೆ ಈಗ ಮೊಮ್ಮಕ್ಕಳಿದ್ದಾರೆ ಎಂಬುದು ನೆನಪಾದಾಗ ನಗು ನಿಂತಿತು.

ಸ್ಕಾಟ್ಲೆಂಡಿನವರು ಜಾಣರು. ವಂಶಾವಳಿಯ ಗೋಜಿಗೇ ಹೋಗದೆ, ಸ್ಥಳೀಯ ಚುನಾವಣೆಗೆ ಇದ್ದ ಪಟ್ಟಿಯ ನಿಯಮವನ್ನೇ ತೆಗೆದುಕೊಂಡರು. "ನೀನು ಸ್ಕಾಟಿಷನೇ?" ಎಂದು ಕೇಳಲಿಲ್ಲ, "ಇಲ್ಲಿ ವಾಸವೇ?" ಎಂದಷ್ಟೇ ಕೇಳಿದರು. ಮೊದಲನೆಯ ಪ್ರಶ್ನೆಗೆ ಯಾವ ಬಿಎಲ್‌ಒ ಬಳಿಯೂ ಉತ್ತರವಿಲ್ಲ. ಎರಡನೆಯದಕ್ಕೆ ಹಗ್ಗದ ಮೇಲಿನ ಬಟ್ಟೆ ಸಾಕು.

ಬೋರ್‌ವೆಲ್ ಬತ್ತಿದವನು, ಗೌರಿಬಿದನೂರು:

ಸ್ಕಾಟ್ಲೆಂಡಿನ ಚಿಂತೆ ನಮಗೇಕೆ ಸ್ವಾಮಿ? ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಎಂದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಬಿಟ್ಟಾಗ ಯಾವ ಜನಮತಗಣನೆ ನಡೆಯಿತು? ಮೊದಲು ಅದನ್ನು ಕೇಳಿ.

ಶಿಡ್ಲಘಟ್ಟದ ರೀಲರ್:

ಕೇಳೋಣ ಸರ್. ಆದರೆ ಅಲ್ಲಿಯೂ ಇದೇ ಪ್ರಶ್ನೆ ಎದ್ದು ನಿಲ್ಲುತ್ತದೆ. ಯಾರನ್ನು ಕೇಳುತ್ತೀರಿ? ಕೆರೆಯ ಅಚ್ಚುಕಟ್ಟಿನವರನ್ನೇ, ಕುಡಿಯುವವರನ್ನೇ, ನೀರು ಕಳಿಸಿದ ಬೆಂಗಳೂರಿನವರನ್ನೇ?

ಮಾರಿಕುಪ್ಪಂ, ಮೂರನೆಯ ತಲೆಮಾರು:

ನಾನು ಕೆ.ಜಿ.ಎಫ್.ನವನು. ಮನೆಯ ಮಾತು ತಮಿಳು, ಕನ್ನಡ ಕಲಿತದ್ದು ಶಾಲೆಯಲ್ಲಿ. ವ್ಯಾಕರಣ ತಪ್ಪಿದರೆ ಪಾವಗಡದ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಲಿ. ತಾತ ಉತ್ತರ ಆರ್ಕಾಟಿನಿಂದ ಬಂದು ಗಣಿಗೆ ಇಳಿದವರು. 1880ರಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಇಂಥ ಸಾವಿರಾರು ಜನರನ್ನು ಕರೆಸಿಕೊಂಡಿತ್ತು. ಮೂರು ಕಿಲೋಮೀಟರಿಗಿಂತ ಆಳದಲ್ಲಿ ಕೆಲಸ ಮಾಡಿದ ಜನ ನಮ್ಮವರು. ಮಣ್ಣಿನ ಮಗ ಯಾರು ಎಂದು ಯಾರಾದರೂ ಭಾಷಣ ಮಾಡಿದರೆ ನಮ್ಮ ತಂದೆ ಹೇಳುತ್ತಿದ್ದರು: "ಈ ಮಣ್ಣಿನೊಳಗೆ ನನ್ನಷ್ಟು ಕೆಳಗೆ ಹೋದವನು ಯಾವನು, ಬರಲಿ."

ಹಾಗಾಗಿ "ಹುಟ್ಟಿದವನಿಗೆ ಮೊದಲ ಹಕ್ಕು" ಎಂಬ ಸಾಲು ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ರೀಲರ್ ಅಣ್ಣನ ಮನಸ್ಸಿನಲ್ಲಿ ಏನೂ ಇಲ್ಲ ಎಂಬುದು ಗೊತ್ತು. ಆದರೆ ಕೆನಡಾದ ಕ್ವಿಬೆಕ್‌ನಲ್ಲಿ 1995ರಲ್ಲಿ ಏನಾಯಿತು ನೋಡಿ. ಸುಮಾರು 47 ಲಕ್ಷ ಜನ ಮತ ಹಾಕಿದರು, ಬೇರೆಯಾಗಬೇಕು ಎಂದವರು 54,288 ಮತಗಳಿಂದ ಸೋತರು. ಆ ರಾತ್ರಿ ಪ್ರಾಂತ್ಯದ ಮುಖ್ಯಸ್ಥ ಜಾಕ್ ಪಾರಿಜೋ ವೇದಿಕೆಯ ಮೇಲೆ ನಿಂತು, ನಮ್ಮನ್ನು ಸೋಲಿಸಿದ್ದು ಹಣ ಮತ್ತು ವಲಸೆ ಬಂದ ಜನಾಂಗಗಳ ಮತ ಎಂಬ ಅರ್ಥದ ಮಾತಾಡಿದರು. ಮರುದಿನವೇ ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಆದರೆ ಪಟ್ಟಿಯಲ್ಲಿ ಹೆಸರಿದ್ದು, ಸಾಲಿನಲ್ಲಿ ನಿಂತು ಮತ ಹಾಕಿ ಮನೆಗೆ ಬಂದು ಟಿವಿ ಹಾಕಿದವನಿಗೆ ಆ ಮಾತು ಹೇಗೆ ಕೇಳಿಸಿರಬೇಕು?

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸುಳ್ಳು ಹೇಳಿದಂತೆ. ಫ್ರಾನ್ಸಿನ ಕೈಯಲ್ಲಿರುವ ನ್ಯೂ ಕ್ಯಾಲಿಡೋನಿಯ ಎಂಬ ದ್ವೀಪದ ಕತೆ ನನ್ನ ವಾದವನ್ನು ತಿರುಗಿಸಿ ನನಗೇ ಹೊಡೆಯುತ್ತದೆ. ನಮ್ಮಲ್ಲಿ ಚಿನ್ನ, ಅಲ್ಲಿ ನಿಕಲ್. ಗಣಿಗೆ ಹೊರಗಿನಿಂದ ಜನ ಬಂದರು. ಅಷ್ಟೇ ಆಗಿದ್ದರೆ ನಮ್ಮದೇ ಕತೆ. ಆದರೆ 1972ರಲ್ಲಿ ಫ್ರಾನ್ಸಿನ ಪ್ರಧಾನಿ ಪಿಯೆರ್ ಮೆಸ್ಮರ್ ಒಂದು ಪತ್ರ ಬರೆದರು: ಫ್ರೆಂಚ್ ಪ್ರಜೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಕಳಿಸಿ ನೆಲೆಗೊಳಿಸಿದರೆ ಮೂಲ ನಿವಾಸಿಗಳ ಸ್ವಾತಂತ್ರ್ಯದ ಬೇಡಿಕೆಯನ್ನು ತಡೆಯಬಹುದು ಎಂಬುದು ಅದರ ತಾತ್ಪರ್ಯ. ಇವತ್ತು ಅಲ್ಲಿನ ಮೂಲ ನಿವಾಸಿಗಳಾದ ಕನಕರು ತಮ್ಮ ನೆಲದಲ್ಲೇ ಅರ್ಧಕ್ಕಿಂತ ಕಡಿಮೆ. ಜನರನ್ನು ಮತಪೆಟ್ಟಿಗೆಯ ಲೆಕ್ಕ ಹಾಕಿಯೇ ತಂದು ತುಂಬಿದ್ದರೆ, "ವಾಸವಾಗಿರುವವರಿಗೆಲ್ಲ ಮತ" ಎಂಬುದು ನ್ಯಾಯದ ಮಾತೇ?

ಅದಕ್ಕೇ 1998ರ ನೂಮೆಯಾ ಒಪ್ಪಂದದಲ್ಲಿ ಜನಮತಗಣನೆಗೆ ಬೇರೆಯದೇ ಪಟ್ಟಿ ಇಟ್ಟರು. ಹೊರಗಿನಿಂದ ಬಂದವರಾದರೆ 2014ರ ಕೊನೆಗೆ ಸತತ 20 ವರ್ಷ ಅಲ್ಲಿ ಬಾಳಿರಬೇಕು. 2018ರಲ್ಲಿ ಬೇಡ ಎಂದವರು ಶೇ 56.7, 2020ರಲ್ಲಿ ಶೇ 53.3. 2021ರಲ್ಲಿ ಕೋವಿಡ್ ಸಾವುಗಳ ಸೂತಕದಲ್ಲಿದ್ದ ಕನಕರು ಮುಂದೂಡಿ ಎಂದು ಕೇಳಿದರು, ಕೇಳದಿದ್ದಾಗ ಬಹಿಷ್ಕರಿಸಿದರು. ಮತ ಹಾಕಿದವರು ಶೇ 44 ಕೂಡ ಇಲ್ಲ, ಬೇಡ ಎಂಬುದಕ್ಕೆ ಶೇ 96.5! ಆಮೇಲೆ 2024ರಲ್ಲಿ ಅಲ್ಲಿನ ಪ್ರಾಂತೀಯ ಚುನಾವಣೆಯ ಪಟ್ಟಿಯನ್ನು ಹತ್ತು ವರ್ಷ ಬಾಳಿದವರಿಗೆ ತೆರೆಯುತ್ತೇವೆ ಎಂದು ಪ್ಯಾರಿಸ್ ಹೊರಟಾಗ ದ್ವೀಪ ಹೊತ್ತಿ ಉರಿಯಿತು, ಜನ ಸತ್ತರು. ಬರೀ ಮತದಾರರ ಪಟ್ಟಿಗಾಗಿ.

20 ವರ್ಷದ ನಿಯಮ ನಮ್ಮಲ್ಲಿದ್ದಿದ್ದರೆ ತಾತನಿಗೆ ಮತ ಸಿಗುವಷ್ಟರಲ್ಲಿ ಗಣಿಯ ದೂಳು ಅವರ ಶ್ವಾಸಕೋಶ ತಿಂದು ಮುಗಿಸುತ್ತಿತ್ತು. ಆದರೂ ಕನಕರ ಜಾಗದಲ್ಲಿ ನಿಂತರೆ 20 ವರ್ಷವೂ ಕಡಿಮೆ ಎನ್ನಿಸುತ್ತದೆ. ಎರಡೂ ನನ್ನ ತಲೆಯೊಳಗೆ ಒಟ್ಟಿಗೇ ಇವೆ.

ಹಳೆಯ ಇತಿಹಾಸದ ಮೇಡಂ, ಚಿಂತಾಮಣಿ:

ಮಾರಿಕುಪ್ಪಂನವರೇ, ನಿಮ್ಮ ತಾತನಂಥವರನ್ನು ಪಟ್ಟಿಯಿಂದ ಬಿಟ್ಟ ಕತೆ ನಮ್ಮ ಉಪಖಂಡದಲ್ಲೇ ಇದೆ. 1947ರ ಜುಲೈ 6 ಮತ್ತು 7ರಂದು ಸಿಲ್ಹೆಟ್ ಜಿಲ್ಲೆಯ ಜನರನ್ನು ಅಸ್ಸಾಮಿನಲ್ಲಿ ಉಳಿಯುತ್ತೀರೋ, ಪಾಕಿಸ್ತಾನಕ್ಕೆ ಹೋಗಲಿರುವ ಪೂರ್ವ ಬಂಗಾಳಕ್ಕೆ ಸೇರುತ್ತೀರೋ ಎಂದು ಕೇಳಿದರು. ಸೇರುತ್ತೇವೆ ಎಂದವರು 2,39,619, ಉಳಿಯುತ್ತೇವೆ ಎಂದವರು 1,84,041. ಎಲ್ಲ ವಯಸ್ಕರಿಗೂ ಮತವಿದ್ದ ಕಾಲವಲ್ಲ ಅದು. ಆಸ್ತಿ, ತೆರಿಗೆ, ವಿದ್ಯೆ ನೋಡಿ ಮಾಡಿದ ಪಟ್ಟಿ. ಚಹಾ ತೋಟಗಳ ಕೂಲಿಗಳಿಗಂತೂ ಮತವೇ ಇರಲಿಲ್ಲ. ಶಾಸನಸಭೆಗೆ ಕಾರ್ಮಿಕರ ಕ್ಷೇತ್ರಗಳು ಬೇರೆ, ಆ ಪಟ್ಟಿ ಇದಕ್ಕೆ ಸೇರುವುದಿಲ್ಲ ಎಂಬುದು ಕಾರಣ. ಗಡಿ ಮಾತ್ರ ಅವರ ಲೈನ್ ಮನೆಗಳ ಮೇಲೂ ಬಿತ್ತು. ಮೂವತ್ತು ವರ್ಷ ದೇಶ ವಿಭಜನೆಯ ಪಾಠ ಮಾಡಿದೆ, ಈ ಕೂಲಿಗಳ ಬಗ್ಗೆ ಒಂದು ವಾಕ್ಯ ಹೇಳಿದ ನೆನಪಿಲ್ಲ. ಪಠ್ಯದಲ್ಲಿ ಇರಲಿಲ್ಲ, ನಾನೂ ಹುಡುಕಲಿಲ್ಲ.

ರೀಲರ್ ಅವರೇ, ಹೊರಗಿರುವವರಿಗೆ ಮತ ಬೇಡವೇ ಬೇಡ ಎಂದು ಮೇಷ್ಟ್ರ ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಪೂರ್ವ ತಿಮೋರ್‌ನಲ್ಲಿ 1999ರ ಆಗಸ್ಟ್ 30ರಂದು ಮತದಾನವಾದಾಗ ಮತ ಇದ್ದದ್ದು ಅಲ್ಲಿ ಹುಟ್ಟಿದವರಿಗೆ, ತಂದೆ ಅಥವಾ ತಾಯಿ ಅಲ್ಲಿ ಹುಟ್ಟಿದ್ದರೆ ಅವರ ಮಕ್ಕಳಿಗೆ, ಮತ್ತು ಇವರ ಗಂಡ ಅಥವಾ ಹೆಂಡತಿಗೆ. ಆಸ್ಟ್ರೇಲಿಯ, ಪೋರ್ಚುಗಲ್‌ಗಳಲ್ಲೂ ಮತಗಟ್ಟೆ ಇತ್ತು. ಇಂಡೊನೇಷ್ಯ ಕರೆತಂದು ನೆಲೆಗೊಳಿಸಿದ್ದವರಿಗೆ ಇರಲಿಲ್ಲ. ಶೇ 78.5ರಷ್ಟು ಜನ ಇಂಡೊನೇಷ್ಯದ ಸ್ವಾಯತ್ತತೆಯ ಕೊಡುಗೆಯನ್ನು ತಿರಸ್ಕರಿಸಿ ಬೇರೆಯಾದರು. ನನಗೆ ಇದು ಸರಿ ಎನ್ನಿಸುತ್ತದೆ. 1975ರಲ್ಲಿ ಸೈನ್ಯ ನುಗ್ಗಿದಾಗ ಓಡಿದವನು ಬೇರೆ, ಸಂಬಳ ಜಾಸ್ತಿ ಎಂದು ಲಂಡನ್ನಿಗೆ ಹೋದವನು ಬೇರೆ. ಹೋದವನಿಗೆ ಮತ ಬೇಡ. ಓಡಿಸಲ್ಪಟ್ಟವನಿಗೆ ಬೇಕು. ಇಲ್ಲದಿದ್ದರೆ ಜನರನ್ನು ಓಡಿಸಿದವನಿಗೇ ಬಹುಮಾನ ಕೊಟ್ಟಂತೆ.

ಮಗಳಿಗೆ ಹೇಳಿ, ತಿಮೋರ್‌ನಲ್ಲಿ 17ಕ್ಕೇ ಮತ ಕೊಟ್ಟಿದ್ದರು. ನಮ್ಮಲ್ಲಿ 1989ರವರೆಗೆ 21 ಆಗಬೇಕಿತ್ತು. ನನ್ನ ಮೊದಲ ಮತ ಮದುವೆಯಾಗಿ ಮಗು ಹುಟ್ಟಿದ ಮೇಲೆ.

ಮಾರಿಕುಪ್ಪಂ, ಮೂರನೆಯ ತಲೆಮಾರು:

ಮೇಡಂ, ಒಂದು ಅನುಮಾನ. 2001ರಲ್ಲಿ ಗಣಿ ಮುಚ್ಚಿತು. ಅಣ್ಣ ಕೆಲವು ವರ್ಷ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದ, ಆಮೇಲೆ ಅಲ್ಲೇ ಕೆ.ಆರ್. ಪುರದಲ್ಲಿ ಮನೆ ಮಾಡಿದ. ಅವನು ಹೋದವನೇ, ಓಡಿಸಲ್ಪಟ್ಟವನೇ?

ಹಳೆಯ ಇತಿಹಾಸದ ಮೇಡಂ, ಚಿಂತಾಮಣಿ:

ಗೊತ್ತಿಲ್ಲಪ್ಪ. ಬಂದೂಕಿಗೂ ಬೀಗಕ್ಕೂ ವ್ಯತ್ಯಾಸವಿದೆ ಎಂದು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೇನೆ.

ಶಿಡ್ಲಘಟ್ಟದ ರೀಲರ್:

ಮೂರು ದಿನ ಬರೆಯಲಾಗಲಿಲ್ಲ, ಒಂದು ಲಾಟು ಗೂಡು ಕೈಕೊಟ್ಟಿತು, ನೂಲು ಬರೀ ತುಂಡು ತುಂಡು. ಎಲ್ಲವನ್ನೂ ಓದಿದ್ದೇನೆ, ಮನೆಯಲ್ಲಿ ಜೋರಾಗಿ ಓದಿಯೂ ಹೇಳಿದ್ದೇನೆ.

ನಾನು ಪಕ್ಷ ಬದಲಿಸಿದ್ದೇನೆ. ದೇಶ ಬೇರೆಯಾದ ಮರುದಿನ ಬೆಳಿಗ್ಗೆ ಹೊಸ ನೋಟು ಹಿಡಿದು ಹಾಲು ತರಲು ಹೋಗಬೇಕಾದವನು ಯಾರೋ, ಅವನನ್ನು ಕೇಳಬೇಕು. ಶಾನ್ ಕಾನರಿಯನ್ನಲ್ಲ. ಓಡಿಸಲ್ಪಟ್ಟವರಿಗೂ ಬೇಕು ಎಂಬ ಮೇಡಂ ಮಾತನ್ನು ಒಪ್ಪಿದೆ. ಇಷ್ಟು ದಿನ ಬಾಳಿರಬೇಕು ಎಂಬ ಗಡುವನ್ನು ಜನಮತಗಣನೆಯ ಮಾತು ಎತ್ತುವುದಕ್ಕಿಂತ ಮೊದಲಿನ ತಾರೀಖಿಗೆ ಹಾಕಬೇಕು, ಇಲ್ಲದಿದ್ದರೆ ಮೆಸ್ಮರ್‌ನಂಥವರು ಬಸ್ಸು, ಹಡಗು ತುಂಬಿ ಕಳಿಸುತ್ತಾರೆ. ಎಷ್ಟು ವರ್ಷ? ಐದು ಎನ್ನೋಣ ಎಂದುಕೊಂಡೆ. ನನ್ನ ಅಳಿಯನಿಗೆ ಆಗ ಎರಡೇ ವರ್ಷ ಆಗಿತ್ತು, ಅವನ ಮತ ಹೋಗುತ್ತದೆ. ಹೋಗಲಿ, ಅವನು ಹೇಗೂ ವಾಪಸು ಬಂದ. ಮಗಳಿಗೆ 16 ಸರಿ ಎಂದು ಒಪ್ಪಿಕೊಂಡೆ. ಈಗ ಸ್ಕೂಟಿ ಕೇಳುತ್ತಿದ್ದಾಳೆ.

ಇಷ್ಟು ಹೇಳಿ ಮುಗಿಸುವವನಿದ್ದೆ. ಆದರೆ ನಿನ್ನೆ ಶೆಡ್‌ನಲ್ಲಿ ಕುಳಿತಾಗ ಬಿಹಾರದ ಇಬ್ಬರು ಹುಡುಗರು ಎದುರಿಗೇ ಇದ್ದರು. ಕಟಿಹಾರ್ ಕಡೆಯವರು. ಆರು ವರ್ಷದಿಂದ ನಮ್ಮಲ್ಲಿ ಬೇಸಿನ್ ನೋಡುತ್ತಾರೆ, ಹಿಂದಿನ ಕೋಣೆಯಲ್ಲೇ ಅಡುಗೆ, ಮಲಗುವುದು. ನನ್ನ ಐದು ವರ್ಷದ ಗಡುವನ್ನು ದಾಟಿದವರು. ಊರಿನ ಚರಂಡಿ, ನೀರು, ದೀಪ ಎಲ್ಲವೂ ಅವರದ್ದೂ ಹೌದು, ಒಂದು ಚುನಾವಣೆಯಲ್ಲೂ ಇಲ್ಲಿ ಮತ ಹಾಕಿಲ್ಲ. ನಾನೂ ಒಂದು ದಿನ ಕೇಳಿಲ್ಲ. ಹೆಸರು ಸೇರಿಸೋಣವೇ ಎಂದೆ. ಚಿಕ್ಕವನು ತಲೆಯಾಡಿಸಿದ. ದೊಡ್ಡವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲಿ ಸೇರಿಸಿದರೆ ಊರಿನಲ್ಲಿ ಹೆಸರು ತೆಗೆಯುತ್ತಾರಲ್ಲ, ಅಮ್ಮ ಏನೆಂದುಕೊಳ್ಳುತ್ತಾಳೆ ಎಂದ. ಪಾವಗಡದ ತಾಯಿಯೇ ಎದುರು ನಿಂತಂತಾಯಿತು.

ಚಿಕ್ಕವನದ್ದನ್ನಾದರೂ ಮಾಡಿಸಬೇಕು. ಮೇಷ್ಟ್ರೇ, ವಿಳಾಸ ಬದಲಾವಣೆಗೆ 8ನೇ ನಮೂನೆ ಎಂದು ಗೊತ್ತಾಯಿತು. ವಿದ್ಯುತ್ ಬಿಲ್ ನನ್ನ ಹೆಸರಿನಲ್ಲಿದೆ, ಅವನ ಬಳಿ ಬಾಡಿಗೆ ಪತ್ರ ಇಲ್ಲ. ಏನು ಮಾಡುವುದು?

ಮತಗಟ್ಟೆ ಮೇಷ್ಟ್ರು, ಪಾವಗಡ:

ಅರ್ಜಿ ಹಾಕಿಸಿ, ನಿಮ್ಮ ಭಾಗದ ಬಿಎಲ್‌ಒಗೆ ಮೊದಲೇ ಹೇಳಿಡಿ. ಸೂರಿಲ್ಲದವರ ಅರ್ಜಿ ಬಂದಾಗ ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನಾವು ರಾತ್ರಿ ಹೋಗಿ ನೋಡುತ್ತೇವೆ. ನಿಮ್ಮ ಹುಡುಗನಿಗೆ ಕೋಣೆಯಾದರೂ ಇದೆ. ಬಿಎಲ್‌ಒ ಬಂದಾಗ ಅವನು ಸಿನಿಮಾಕ್ಕೆ ಹೋಗಿರದಂತೆ ನೋಡಿಕೊಳ್ಳಿ, ಮತ್ತೊಮ್ಮೆ ಬರುವುದು ನಮಗೆ ಕಷ್ಟ.